ತರಗು ಸುಟ್ಟರೆ ನೀರು ಎಲ್ಲಿ ಹೋಗುತ್ತದೆ? ಕಾಡಂಚಿನವರು ಕೈಯಾರೆ ಅಳೆದು ನೋಡುವ ಕ್ರಮ

ಜನವರಿ ಮುಗಿಯುವ ಹೊತ್ತಿಗೆ ತಮಿಳುನಾಡಿನ ಈರೋಡು ಜಿಲ್ಲೆಯ ತಾಳವಾಡಿ ಸುತ್ತಿನ ಕಾಡಿನಲ್ಲಿ ಎಲ್ಲಿ ಕಾಲಿಟ್ಟರೂ ಚರಚರ ಸದ್ದು. ದಿಂಡಿಗ, ಮತ್ತಿ, ತೇಗಗಳು ಎಲೆ ಉದುರಿಸಿ ನಿಂತಿರುತ್ತವೆ. ಅದೇ ಹೊತ್ತಿಗೆ ಊರ ಜಗಲಿಗಳಲ್ಲಿ ವಾದವೂ ಶುರುವಾಗುತ್ತದೆ. ದನ ಮೇಯಿಸುವವರು "ಬೆಂಕಿ ಬೀಳದಿದ್ರೆ ಹುಲ್ಲು ಚಿಗುರಲ್ಲ" ಅನ್ನುತ್ತಾರೆ. ಹಳ್ಳದ ಕೆಳಗೆ ಜಮೀನು ಇರುವವರು "ತರಗು ಸುಟ್ರೆ ಹಳ್ಳ ಬತ್ತೋಯ್ತದೆ" ಅನ್ನುತ್ತಾರೆ. ಅರಣ್ಯ ಇಲಾಖೆಯವರು ಬೇಸಿಗೆಯ ದೊಡ್ಡ ಬೆಂಕಿ ತಡೆಯಲು ತಾವೇ ಬೆಂಕಿ ರೇಖೆ ಸುಡುತ್ತಾರೆ, ಅಂದರೆ ಬೆಂಕಿ ದಾಟದಂತೆ ಉದ್ದನೆಯ ಪಟ್ಟಿಯೊಂದರ ತರಗನ್ನು ಮೊದಲೇ ಸುಟ್ಟು ಬರಿದು ಮಾಡುತ್ತಾರೆ. ಇಲ್ಲಿನ ಕಾಡಿನ ಬುಡಕಟ್ಟಿನವರಾದ ಸೋಲಿಗರ ಹಿರಿಯರು ತಮ್ಮ ಕಾಲದ ತರಗು ಬೆಂಕಿಯನ್ನು ನೆನೆಯುತ್ತಾರೆ. ಎಲೆ ಉದುರಿದ ಕೂಡಲೇ, ನೆಲದಲ್ಲಿ ಇನ್ನೂ ಮಂಜಿನ ತೇವ ಇರುವಾಗ, ಮೊಣಕಾಲೆತ್ತರ ಏರದಂತೆ ಹಾಯಿಸುತ್ತಿದ್ದ ಬೆಂಕಿ ಅದು.

ಇವರಲ್ಲಿ ಒಬ್ಬರ ಮಾತೂ ಸುಳ್ಳಲ್ಲ. ಕೊರತೆ ಇರುವುದು ಅಳತೆಯದು. ಯಾವ ಬೆಂಕಿ, ಯಾವ ತಿಂಗಳ ಬೆಂಕಿ, ನೆಲದೊಳಗೆ ಎಷ್ಟು ಇಳಿದ ಬೆಂಕಿ ಎಂದು ಕೇಳದೆ "ಬೆಂಕಿ ಒಳ್ಳೆಯದೋ ಕೆಟ್ಟದ್ದೋ" ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ನಾನು ಕಂಡುಕೊಂಡದ್ದು ಇಷ್ಟು: ಮೇಲಿನ ಒಣ ತರಗು ಹೋದರೆ ನೀರಿಗೆ ಆಗುವ ನಷ್ಟ ಸಣ್ಣದು, ಅದರಡಿಯ ಅರೆಕೊಳೆತ ಪದರ ಹೋದರೆ ಆಗುವ ನಷ್ಟ ದೊಡ್ಡದು. ಇದನ್ನು ನೀವು ನಂಬಬೇಕಿಲ್ಲ, ಅಳೆದು ನೋಡಿ. ಒಂದು ತಕ್ಕಡಿ, ಒಂದು ಪೈಪಿನ ತುಂಡು, ಹತ್ತಿಪ್ಪತ್ತು ಮೊಳೆ, ಒಂದು ನೋಟ್‌ಬುಕ್ ಸಾಕು. ಊರಿನ ಅರಣ್ಯ ಹಕ್ಕು ಸಮಿತಿ, ಶಾಲೆಯ ಹಸಿರು ಪಡೆ, ಕೆರೆ ಬಳಕೆದಾರರ ಸಂಘ, ಯಾರು ಬೇಕಾದರೂ ಮಾಡಬಹುದಾದ ಕೆಲಸವನ್ನು ಕ್ರಮವಾಗಿ ಬರೆಯುತ್ತಿದ್ದೇನೆ.

ಬೆಂಕಿ ಹಚ್ಚುವುದು ನಿಮ್ಮ ಕೆಲಸವಲ್ಲ

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಮಾರ್ಗದರ್ಶಿ ಇರುವುದು ಅಳೆಯುವುದಕ್ಕೆ, ಕಾಡಿಗೆ ಬೆಂಕಿ ಇಡುವುದಕ್ಕಲ್ಲ. 1882ರ ಮದ್ರಾಸ್ ಅರಣ್ಯ ಕಾಯ್ದೆ ಇವತ್ತಿಗೂ ತಮಿಳುನಾಡು ಅರಣ್ಯ ಕಾಯ್ದೆ ಎಂಬ ಹೆಸರಿನಲ್ಲಿ ಜಾರಿಯಲ್ಲಿದೆ. ಅದರ ಪ್ರಕಾರ ಮೀಸಲು ಅರಣ್ಯಕ್ಕೆ ಬೆಂಕಿ ಹಚ್ಚುವುದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಂ ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದನ್ನು ನೇರವಾಗಿ ನಿಷೇಧಿಸುತ್ತದೆ. ನಮ್ಮ ಸುತ್ತಲಿನ ಕಾಡು 2013ರಿಂದ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ. 2006ರ ಅರಣ್ಯ ಹಕ್ಕು ಕಾಯ್ದೆ ಗ್ರಾಮಸಭೆಗೆ ಕಾಡನ್ನು ಕಾಪಾಡುವ, ನಿರ್ವಹಿಸುವ ಹಕ್ಕು ಕೊಟ್ಟಿದೆ, ನಿಜ. ಆದರೆ ಅದನ್ನು ಕಡ್ಡಿ ಗೀರುವ ಪರವಾನಗಿ ಎಂದು ಯಾರೂ ಓದಿಕೊಳ್ಳಬಾರದು.

ಹಾಗಾದರೆ ಸುಟ್ಟ ಜಾಗ ಸಿಗುವುದೆಲ್ಲಿ? ಇಲಾಖೆಯೇ ಪ್ರತಿ ವರ್ಷ ರಸ್ತೆಯ ಬದಿ, ಬಾರೆಗಳ (ದಿಬ್ಬಗಳ) ಮೇಲೆ, ಊರಿನ ಗಡಿಯಲ್ಲಿ ಬೆಂಕಿ ರೇಖೆ ಸುಡುತ್ತದೆ. ವಲಯ ಕಚೇರಿಗೆ ಡಿಸೆಂಬರ್‌ನಲ್ಲೇ ಬರವಣಿಗೆಯಲ್ಲಿ ಅರ್ಜಿ ಕೊಡಿ: "ರೇಖೆ ಸುಡುವ ಮೊದಲು ಒಂದು ದಿನ, ಸುಟ್ಟ ಮೇಲೆ ಕೆಲವು ದಿನ ಅಳತೆ ಮಾಡಲು ಅನುಮತಿ, ಜೊತೆಗೆ ಒಬ್ಬ ಕಾವಲುಗಾರ." ಅನುಮತಿ ಬಾರದೆ ಹೋದರೆ ನಿಮ್ಮ ಪಟ್ಟಾ ಜಮೀನಿನ ಬೇಲಿಯಂಚಿನಲ್ಲಿ, ಕಾಡಿಗೆ ತಾಗದ ಕಡೆ, ತರಗು ಗುಡಿಸಿ ತೆಗೆದ ಜಾಗ ಮತ್ತು ಗುಡಿಸದ ಜಾಗವನ್ನು ಹೋಲಿಸಿ. ಬೆಂಕಿಯ ಪಾಠ ಪೂರ್ತಿ ಸಿಗದು, ತರಗಿನ ಪಾಠವಂತೂ ಸಿಗುತ್ತದೆ.

ಒಬ್ಬರೇ ಹೋಗಬೇಡಿ. ಬೆಳಗಿನ ಒಂಬತ್ತರ ಮೊದಲು, ಸಂಜೆ ನಾಲ್ಕರ ನಂತರ ಹೋಗಬೇಡಿ. ಅದು ಆನೆಗಳ ಹೊತ್ತು. ಹತ್ತಿ ಬಟ್ಟೆ ತೊಡಿ, ಪಾಲಿಯೆಸ್ಟರ್ ಬೇಡ, ಚಪ್ಪಲಿ ಬೇಡ, ಶೂ ಇರಲಿ. ಬೆಂಕಿ ಹಾಯಿಸುವ ದಿನ ರೇಖೆಯ ಮೇಲಿನ ಇಳಿಜಾರಿನಲ್ಲಿ ನಿಲ್ಲಲೇಬೇಡಿ. ಬೆಂಕಿ ಏರನ್ನು ಹತ್ತುವಷ್ಟು ವೇಗದಲ್ಲಿ ಇಳಿಜಾರನ್ನು ಇಳಿಯುವುದಿಲ್ಲ. 2018ರ ಮಾರ್ಚ್‌ನಲ್ಲಿ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋದ 20ಕ್ಕೂ ಹೆಚ್ಚು ಜನ ಒಣಹುಲ್ಲಿನ ಇಳಿಜಾರಿನಲ್ಲಿ ಸಿಕ್ಕಿಬಿದ್ದು ಜೀವ ಕಳೆದುಕೊಂಡರು. ಅದನ್ನು ನೆನಪಿನಲ್ಲಿಟ್ಟುಕೊಂಡೇ ಕಾಡಿಗೆ ಕಾಲಿಡಿ.

ಮೊದಲು ಕೈಯಿಂದ ನೆಲ ಓದಿ

ತಕ್ಕಡಿ ಆಮೇಲೆ. ಮೊದಲ ದಿನ ಒಂದು ಮರದಡಿ ಕುಳಿತು ಕೈಯಲ್ಲೇ ತರಗು ಬಿಡಿಸಿ. ಎಲ್ಲಕ್ಕೂ ಮೇಲೆ ಈ ವರ್ಷದ ಎಲೆ. ಯಾವ ಮರದ್ದು ಎಂದು ಗುರುತು ಹಿಡಿಯಬಹುದು, ಮುಷ್ಟಿ ಕಟ್ಟಿದರೆ ಪುಡಿಪುಡಿ. ಅದರ ಕೆಳಗೆ ಕಳೆದ ವರ್ಷದ್ದು: ಹರಿದ, ಕಂದುಬಣ್ಣದ, ನರ ಮಾತ್ರ ಉಳಿದ ಎಲೆಚೂರು, ಅದರ ನಡುವೆ ಬಿಳಿ ಎಳೆಯಂತೆ ಹಬ್ಬಿದ ಬೂಷ್ಟು. ಅದಕ್ಕೂ ಕೆಳಗೆ ಎಲೆಯೋ ಮಣ್ಣೋ ಹೇಳಲಾಗದ ಕಪ್ಪು ಪುಡಿ, ಮೂಗಿಗೆ ಹಿಡಿದರೆ ಮೊದಲ ಮಳೆಯ ವಾಸನೆ. ಜನವರಿಯಲ್ಲೂ ಬೆರಳಿಗೆ ತಣ್ಣಗೆ ತಾಗುವುದು ಇದೇ.

ಇನ್ನು ಮುಂದೆ ಇವನ್ನು ಮೇಲ್ತರಗು, ನಡುತರಗು, ಕರಿಪುಡಿ ಎಂದು ಕರೆಯುತ್ತೇನೆ. ತಾಳವಾಡಿಯ ಬಯಲಿಗೆ ಹತ್ತಿರದ ಕುರುಚಲು ಕಾಡಿನಲ್ಲಿ ಕರಿಪುಡಿ ಉಗುರಿನಷ್ಟೂ ದಪ್ಪ ಇರದು. ಗೆದ್ದಲು ತಿನ್ನುತ್ತದೆ, ಪದೇ ಪದೇ ಬೀಳುವ ಬೆಂಕಿ ಉಳಿದದ್ದನ್ನು ನೆಕ್ಕುತ್ತದೆ. ಹಳ್ಳದ ಮಗ್ಗುಲಲ್ಲಿ, ಎತ್ತರದ ಬೆಟ್ಟದ ಮಡಿಲಿನ ಹಸಿರು ಕಾಡಿನಲ್ಲಿ ಅದು ಬೆರಳುದ್ದ ಸಿಗುತ್ತದೆ. ಈ ವ್ಯತ್ಯಾಸ ಕಣ್ಣಿಗೆ ಬಿದ್ದ ಕೂಡಲೇ ಅರ್ಧ ವಾದ ಮುಗಿಯುತ್ತದೆ, ಏಕೆಂದರೆ ಎರಡೂ ಕಡೆಗೆ ಒಂದೇ ಬೆಂಕಿಯ ನಿಯಮ ಹೊಂದುವುದಿಲ್ಲ.

ಜೋಡಿ ಜಾಗ ಆರಿಸುವುದು

ಸುಡಲಿರುವ ಪಟ್ಟಿ ಒಂದು, ಅದರ ಪಕ್ಕದಲ್ಲೇ ಸುಡದೆ ಉಳಿಯುವ ಪಟ್ಟಿ ಒಂದು. ಎರಡಕ್ಕೂ ಒಂದೇ ಇಳಿಜಾರು, ಒಂದೇ ದಿಕ್ಕು, ಒಂದೇ ಬಗೆಯ ಮರ, ಒಂದೇ ಬಣ್ಣದ ಮಣ್ಣು ಇರಬೇಕು. ಬಾರೆಯ ನೆತ್ತಿಯನ್ನು ಹಳ್ಳದ ತಗ್ಗಿಗೆ ಹೋಲಿಸಿದರೆ ಸಿಗುವುದು ನೆತ್ತಿಗೂ ತಗ್ಗಿಗೂ ಇರುವ ವ್ಯತ್ಯಾಸ ಮಾತ್ರ.

ಈ ತಪ್ಪು ನಮ್ಮಿಂದಲೇ ಆಗಿತ್ತು. ಮೊದಲ ವರ್ಷ ನಾವು ಸುಟ್ಟ ಕಡೆ ಬಯಲಿನಲ್ಲೂ ಸುಡದ ಕಡೆ ಮರದಡಿಯಲ್ಲೂ ಅಳೆದು, ಬೆಂಕಿಯಿಂದ ತರಗು ಇಷ್ಟು ನಷ್ಟ ಎಂದು ಸಭೆಯಲ್ಲಿ ಓದಿದೆವು. ಒಬ್ಬ ಅಜ್ಜಿ ಎದ್ದು "ಮರವೇ ಇಲ್ಲದ ಕಡೆ ತರಗು ಎಲ್ಲಿಂದ ಬರ್ಬೇಕು ಮಗಾ" ಎಂದು ಕೇಳಿದಾಗ ನಮ್ಮ ಬಳಿ ಉತ್ತರ ಇರಲಿಲ್ಲ. ಆ ವರ್ಷದ ಲೆಕ್ಕ ಪೂರ್ತಿ ಕೈಬಿಟ್ಟೆವು.

ಪ್ರತಿ ಪಟ್ಟಿಯಲ್ಲಿ ಕನಿಷ್ಠ 10 ಬಿಂದು ಬೇಕು. ಜಾಗವನ್ನು ಕಣ್ಣಿನಿಂದ ಆರಿಸಬೇಡಿ. ಕಣ್ಣು ಯಾವಾಗಲೂ ತರಗು ತುಂಬಿದ ಕಡೆಗೇ ಹೋಗುತ್ತದೆ. ಪಟ್ಟಿಯ ಒಂದು ತುದಿಯಿಂದ ನೇರ ನಡೆಯಿರಿ, 15 ಹೆಜ್ಜೆಗೊಂದು ಬಿಂದು. ಹೆಜ್ಜೆ ಬಂಡೆಯ ಮೇಲೆ ಬಿದ್ದರೂ ಅದೇ ಬಿಂದು, "ತರಗು ಸೊನ್ನೆ" ಎಂದು ಬರೆಯಿರಿ.

ತರಗಿನ ತೂಕ

ಬಿದಿರು ಸೀಳಿ ಅಥವಾ ಕಬ್ಬಿಣದ ಕಡ್ಡಿ ಬಾಗಿಸಿ ಒಳ ಅಳತೆ 50 ಸೆಂ.ಮೀ. × 50 ಸೆಂ.ಮೀ. ಇರುವ ಚೌಕಟ್ಟು ಮಾಡಿ. ಬಿಂದುವಿನ ಮೇಲೆ ಇಟ್ಟು, ಅಂಚನ್ನು ಕುಡುಗೋಲಿನಿಂದ ಕತ್ತರಿಸಿ, ಒಳಗಿನ ತರಗನ್ನು ಎರಡು ಚೀಲಕ್ಕೆ ತುಂಬಿ: ಒಂದಕ್ಕೆ ಮೇಲ್ತರಗು, ಇನ್ನೊಂದಕ್ಕೆ ನಡುತರಗು ಮತ್ತು ಕರಿಪುಡಿ. ಬೆರಳಿಗಿಂತ ದಪ್ಪದ ಕಡ್ಡಿ, ಕಲ್ಲು, ಸಗಣಿ ಬೇಡ. ಚೀಲದೊಳಗೆ ಚೀಟಿ ಹಾಕಿ. ಹೊರಗೆ ಬರೆದ ಪೆನ್ನಿನ ಗುರುತು ಬೆವರಿಗೇ ಅಳಿಸಿಹೋಗುತ್ತದೆ.

ಮನೆಗೆ ತಂದು ಸಗಣಿ ಸಾರಿಸದ, ಸಿಮೆಂಟಿನ ಅಂಗಳದಲ್ಲಿ ತೆಳ್ಳಗೆ ಹರಡಿ. ಮೂರು ದಿನದ ಬಿಸಿಲು. ಪ್ರತಿ ಸಂಜೆ ತೂಗಿ. ಎರಡು ಸಂಜೆ ಒಂದೇ ತೂಕ ಬಂದರೆ ಒಣಗಿತು ಎಂದರ್ಥ. ಅಡುಗೆಮನೆಯ ಡಿಜಿಟಲ್ ತಕ್ಕಡಿ, 1 ಗ್ರಾಂ ತೋರಿಸುವುದಾದರೆ ಸಾಕು.

ಲೆಕ್ಕ ಸರಳ. ಚೌಕಟ್ಟು ಕಾಲು ಚದರ ಮೀಟರು. ಒಳಗಿನ ಒಣತೂಕವನ್ನು 4ರಿಂದ ಗುಣಿಸಿದರೆ ಚದರ ಮೀಟರಿಗೆ ಗ್ರಾಂ. ಅದನ್ನು 10ರಿಂದ ಗುಣಿಸಿದರೆ ಹೆಕ್ಟೇರಿಗೆ ಕಿಲೋ. ಚೌಕಟ್ಟಿನಲ್ಲಿ 100 ಗ್ರಾಂ ಸಿಕ್ಕಿತು ಅನ್ನಿ: ಚದರ ಮೀಟರಿಗೆ 400 ಗ್ರಾಂ, ಹೆಕ್ಟೇರಿಗೆ 4 ಟನ್.

ತರಗು ಎಷ್ಟು ನೀರು ಕುಡಿಯುತ್ತದೆ

ನಾನು ಬಹಳ ಕಾಲ ತಪ್ಪು ತಿಳಿದದ್ದು ಈ ವಿಷಯದಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸೊಳ್ಳೆಪರದೆಯ ಬಟ್ಟೆಯಲ್ಲಿ ಚೀಲ ಹೊಲಿಸಿ. ಒಂದು ಚೌಕಟ್ಟಿನ ಒಣ ತರಗನ್ನು ಅದರಲ್ಲಿ ತುಂಬಿ ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಡಿ. ತೆಗೆದು ಹಗ್ಗಕ್ಕೆ ತೂಗುಹಾಕಿ, ಅರ್ಧ ಗಂಟೆ ತೊಟ್ಟಿಕ್ಕಲು ಬಿಡಿ, ತೂಗಿ. ಒದ್ದೆ ಖಾಲಿ ಚೀಲದ ತೂಕ ಕಳೆಯಿರಿ. ಮೇಲ್ತರಗು, ನಡುತರಗು ಬೇರೆ ಬೇರೆಯಾಗಿ ಮಾಡಿ.

ಉದಾಹರಣೆಗೆ 100 ಗ್ರಾಂ ಒಣ ತರಗು ನೆಂದ ಮೇಲೆ 290 ಗ್ರಾಂ ತೂಗಿತು ಅನ್ನೋಣ. ಹಿಡಿದ ನೀರು 190 ಗ್ರಾಂ. ಚದರ ಮೀಟರಿಗೆ 760 ಗ್ರಾಂ, ಅಂದರೆ ಮುಕ್ಕಾಲು ಲೀಟರು. ಒಂದು ಚದರ ಮೀಟರಿಗೆ ಒಂದು ಲೀಟರ್ ಎಂದರೆ 1 ಮಿ.ಮೀ. ಮಳೆ. ಹಾಗಾದರೆ ಇಷ್ಟು ತರಗು ಹಿಡಿದಿಡುವುದು ಒಂದು ಮಿಲಿಮೀಟರಿಗೂ ಕಡಿಮೆ ಮಳೆಯನ್ನು! ಹೆಕ್ಟೇರಿಗೆ ಲೆಕ್ಕ ಹಾಕಿದರೆ 7,600 ಲೀಟರ್ ಎಂದು ದೊಡ್ಡದಾಗಿ ಕಾಣುತ್ತದೆ, ಆದರೆ ಒಂದು ಹದ ಮಳೆಯ ಮುಂದೆ ಅದು ಏನೂ ಅಲ್ಲ.

"ತರಗು ಸ್ಪಂಜಿನ ಹಾಗೆ ನೀರು ಹಿಡಿದಿಟ್ಟುಕೊಂಡು ಬೇಸಿಗೆಯಲ್ಲಿ ಹಳ್ಳಕ್ಕೆ ಬಿಡುತ್ತದೆ" ಎಂದು ನಾವೆಲ್ಲ ಹೇಳಿಕೊಂಡು ಬಂದ ಮಾತು ಈ ತಕ್ಕಡಿಯ ಮುಂದೆ ನಿಲ್ಲುವುದಿಲ್ಲ. ತರಗಿನ ಕೆಲಸ ನೀರು ಹಿಡಿಯುವುದಕ್ಕಿಂತ ಹೆಚ್ಚಾಗಿ ಮಣ್ಣಿನ ಬಾಯಿ ತೆರೆದಿಡುವುದು. ಏಪ್ರಿಲ್‌ನ ಗುಡುಗು ಮಳೆಯ ದಪ್ಪ ಹನಿ ಬರಿ ಮಣ್ಣಿಗೆ ಬಡಿದರೆ ಮಣ್ಣಿನ ಕಣ ಸಿಡಿದು ರಂಧ್ರಗಳಲ್ಲಿ ಕೂತು ಮೇಲ್ಮೈ ಮೆತ್ತಿದಂತಾಗುತ್ತದೆ. ಆಮೇಲೆ ಬಿದ್ದ ನೀರಿಗೆ ಹರಿದುಹೋಗುವುದೊಂದೇ ದಾರಿ. ತರಗು ಆ ಹೊಡೆತವನ್ನು ತಾನು ತಿನ್ನುತ್ತದೆ. ಹರಿಯುವ ನೀರಿಗೆ ಸಾವಿರ ಸಣ್ಣ ಕಟ್ಟೆ ಕಟ್ಟಿ ತಡೆಯುತ್ತದೆ. ಅದರಡಿಯ ಎರೆಹುಳು, ಗೆದ್ದಲು ಕೊರೆದ ಬಿಲಗಳಲ್ಲಿ ನೀರು ಇಳಿಯುತ್ತದೆ. ಬಿಸಿಲಿಗೆ ನೆರಳಾಗಿ ಮಣ್ಣಿನ ತೇವ ಆರದಂತೆ ಕಾಯುತ್ತದೆ. ನೀರು ನಿಲ್ಲುವುದು ಮಣ್ಣಿನಲ್ಲಿ, ತರಗು ಬಾಗಿಲು ಕಾಯುತ್ತದೆ ಅಷ್ಟೆ. ಆದ್ದರಿಂದಲೇ ಮುಂದಿನ ಅಳತೆಗಳೆಲ್ಲ ಮಣ್ಣಿನದ್ದು.

ಮೊಳೆ ನೆಡುವುದು

ಬೆಂಕಿ ಎಷ್ಟು ಆಳ ತಿಂದಿತು ಎಂದು ಹೇಳಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ಬೆಂಕಿ ರೇಖೆ ಸುಡುವ ಹಿಂದಿನ ದಿನ, ಪ್ರತಿ ಬಿಂದುವಿನ ಹತ್ತಿರ (ಚೌಕಟ್ಟು ಹಾಕಿ ತರಗು ತೆಗೆದ ಜಾಗದಲ್ಲಲ್ಲ, ಎರಡು ಹೆಜ್ಜೆ ಆಚೆ) 6 ಇಂಚಿನ ಕಬ್ಬಿಣದ ಮೊಳೆಯೊಂದನ್ನು ನೆಟ್ಟಗೆ ಊರಿ. ಮೊಳೆಯ ತಲೆ ನಡುತರಗಿನ ಮೇಲ್ಮಟ್ಟಕ್ಕೆ ಸರಿಯಾಗಿ ಕೂರಬೇಕು. ಮೇಲ್ತರಗನ್ನು ಮತ್ತೆ ಮೇಲೆ ಹರಡಿ ಮೊದಲಿನಂತೆ ಮುಚ್ಚಿ. ಪಕ್ಕದ ಮರಕ್ಕೆ ಸುಣ್ಣದ ಗುರುತು ಹಾಕಿ, ಇಲ್ಲದಿದ್ದರೆ ಬೂದಿಯಲ್ಲಿ ಮೊಳೆ ಸಿಗುವುದಿಲ್ಲ.

ಬೆಂಕಿ ಹಾದ ಮೇಲೆ ಮೊಳೆಯ ತಲೆ ಬೂದಿಯ ಕೆಳಗಿನ ಮಟ್ಟದಿಂದ ಎಷ್ಟು ಮೇಲೆದ್ದಿದೆ ಎಂದು ಸ್ಕೇಲಿನಲ್ಲಿ ಅಳೆಯಿರಿ. ಸೊನ್ನೆ ಇದ್ದರೆ ಮೇಲ್ತರಗು ಮಾತ್ರ ಸುಟ್ಟಿದೆ. 2 ಸೆಂ.ಮೀ. ಇದ್ದರೆ ಅಷ್ಟು ಕೊಳೆತ ಪದರ ಹೋಯಿತು.

ನೆಟ್ಟ ಮೊಳೆ ಎಣಿಸಿ, ಕಿತ್ತ ಮೊಳೆ ಎಣಿಸಿ. ಒಂದೂ ಕಾಡಿನಲ್ಲಿ ಉಳಿಯಬಾರದು. ಕಡವೆಯ ಗೊರಸಿಗೆ, ಆನೆಯ ಪಾದಕ್ಕೆ, ನಮ್ಮದೇ ದನದ ಕಾಲಿಗೆ ಅದು ಚುಚ್ಚಿಕೊಂಡರೆ ನಮ್ಮ ಅಳತೆಗೆ ಅರ್ಥವೇ ಇಲ್ಲ.

ಬೆಂಕಿ ಹಾಯುವ ದಿನ ದೂರ ನಿಂತು ಗಮನಿಸಬೇಕಾದ್ದು

ಸಮಯ, ಗಾಳಿಯ ದಿಕ್ಕು, ಬೆಂಕಿ ಗಾಳಿಗೆ ಎದುರಾಗಿ ಸಾಗಿತೋ ಗಾಳಿಯ ಜೊತೆ ಓಡಿತೋ, ಜ್ವಾಲೆ ಪಾದದೆತ್ತರವೋ ಸೊಂಟದೆತ್ತರವೋ: ಇಷ್ಟು ಬರೆಯಿರಿ. ಜೊತೆಗೆ ಸುಡುವ ಮೊದಲು ಒಂದು ಹಿಡಿ ನಡುತರಗು ಹಿಂಡಿ ನೋಡಿ. ಅಂಗೈಗೆ ತೇವ ತಾಗಿತೇ, ಪುಡಿಯಾಗಿ ಉದುರಿತೇ? ಉಳಿದ ಎಲ್ಲ ಅಂಶಗಳಿಗಿಂತ ಇದೊಂದು ಹೆಚ್ಚು ಹೇಳುತ್ತದೆ.

ಏಕೆ? ಒದ್ದೆ ಪದರದ ಕಾವು, ಅದರೊಳಗಿನ ನೀರು ಆವಿಯಾಗಿ ಮುಗಿಯುವವರೆಗೆ 100 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು ದಾಟುವುದಿಲ್ಲ. ಮಣ್ಣು ಕಾವನ್ನು ಬಹಳ ನಿಧಾನ ಒಯ್ಯುತ್ತದೆ. ಹಾಗಾಗಿ ಮೇಲೆ ಜ್ವಾಲೆ ಎಷ್ಟೇ ಬಿಸಿ ಇದ್ದರೂ ಒದ್ದೆ ಕರಿಪುಡಿಯ ಕೆಳಗಿನ ಬೇರು, ಬೀಜ, ಹುಳು ಬದುಕುತ್ತವೆ. ಒಣಗಿದ್ದರೆ ಕಥೆ ಬೇರೆ. ಮಣ್ಣಿನ ಸಾವಯವ ಅಂಶ ಸುಮಾರು 200 ಡಿಗ್ರಿಯ ಮೇಲೆ ಸುಡಲು ಶುರುವಾಗಿ 450ರ ಹೊತ್ತಿಗೆ ಹೆಚ್ಚುಕಡಿಮೆ ಮುಗಿದೇ ಹೋಗುತ್ತದೆ. ಸಾರಜನಕವೂ 200 ಡಿಗ್ರಿ ದಾಟಿದರೆ ಹೊಗೆಯಾಗಿ ಹೋಗಲಾರಂಭಿಸುತ್ತದೆ. ಬೇರಿನ ಜೀವಕ್ಕೆ 60 ಡಿಗ್ರಿಯೇ ಸಾಕು.

ಇಲ್ಲೊಂದು ಮೋಸವಿದೆ. ಗಾಳಿಗೆ ಎದುರಾಗಿ ಮೆಲ್ಲನೆ ಸಾಗುವ ಸಣ್ಣ ಬೆಂಕಿ ನೋಡಲು ಸಾಧು. ಆದರೆ ಅದು ಒಂದೇ ಜಾಗದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ನೆಲಕ್ಕೆ ಇಳಿಸುವ ಕಾವೂ ಹೆಚ್ಚು. ಗಾಳಿಯ ಜೊತೆ ಓಡುವ ಬೆಂಕಿ ಎತ್ತರ ಉರಿದು ಮರದ ಕೊಂಬೆ ಸುಡುತ್ತದೆ, ನೆಲದ ಮೇಲೆ ಹೆಚ್ಚು ಹೊತ್ತು ಕೂರುವುದಿಲ್ಲ. ಅಂದರೆ ಜ್ವಾಲೆ ಸಣ್ಣದು ಎಂದ ಮಾತ್ರಕ್ಕೆ ನೆಲಕ್ಕೆ ತೊಂದರೆ ಇಲ್ಲ ಎಂದಾಗದು. ಕೆಳಪದರ ಒದ್ದೆಯಿದ್ದು ಜ್ವಾಲೆಯೂ ಸಣ್ಣದಿದ್ದರೆ ಮಾತ್ರ ಅದು ಸಾಧು ಬೆಂಕಿ. ಸೋಲಿಗರು ತರಗು ಬೆಂಕಿಯನ್ನು ಮಂಜು ಬೀಳುವ ದಿನಗಳಿಗೇ ಇಟ್ಟುಕೊಂಡದ್ದರ ಹಿಂದೆ ಇರುವ ತಿಳಿವಳಿಕೆ ಎಂಥದ್ದು ಎಂದು ನನಗೆ ಮನದಟ್ಟಾದದ್ದು ಮೊಳೆಗಳನ್ನು ಕಿತ್ತು ಅಳೆದ ಮೇಲೆ.

ಹೊರಗಿನಿಂದ ಬಂದು ಕಾಡಿನಲ್ಲಿ ಹಬ್ಬಿದ ಕಳೆಯಾದ ಲಂಟಾನದ ಪೊದೆ ಇರುವ ಕಡೆಯ ಬಿಂದುಗಳನ್ನು ಬೇರೆಯಾಗಿ ಗುರುತಿಸಿ. ಪಕ್ಕದ ಬಿಳಿಗಿರಿರಂಗನ ಬೆಟ್ಟದಲ್ಲಿ 1997 ಮತ್ತು 2008ರಲ್ಲಿ ನಡೆದ ಅಳತೆಗಳ ನಡುವೆ ಲಂಟಾನ ಸಿಕ್ಕ ತಾಣಗಳು ಸುಮಾರು ಎರಡು ಪಟ್ಟಾದವು. ತರಗು ಬೆಂಕಿ ನಿಂತದ್ದೇ ಇದಕ್ಕೆ ಕಾರಣ ಎಂದು ಅಲ್ಲಿನ ಸೋಲಿಗರು ಹೇಳುತ್ತಾರೆ. ಆದರೆ ಈಗ ಬೆಳೆದು ನಿಂತ ಲಂಟಾನಕ್ಕೆ ಬೆಂಕಿ ಬಿದ್ದರೆ ಅದು ತರಗು ಬೆಂಕಿಯಾಗಿ ಉಳಿಯುವುದಿಲ್ಲ, ಏಣಿ ಹತ್ತಿದಂತೆ ಮರದ ತಲೆಗೆ ಏರುತ್ತದೆ. ಸುಟ್ಟ ಲಂಟಾನ ಬುಡದಿಂದ ಮತ್ತೆ ಚಿಗುರುತ್ತದೆ ಕೂಡ. ಹಳೆಯ ಕ್ರಮವನ್ನು ಇಂದಿನ ಕಾಡಿಗೆ ಹಾಗೆಯೇ ತಂದರೆ ಆಗದು. ಮೊದಲು ಲಂಟಾನವನ್ನು ಬೇರಿನ ಕತ್ತಿನ ಕೆಳಗೆ ಕತ್ತರಿಸಿ ಎತ್ತಬೇಕು.

ಬೂದಿ ಓದುವುದು

ಮರುದಿನವೇ ಹೋಗಿ. ಗಾಳಿ ಬೂದಿಯನ್ನು ಒಯ್ದ ಮೇಲೆ ಹೋದರೆ ಅರ್ಧ ಸಾಕ್ಷಿ ಹೋಯಿತು.

ಕಪ್ಪು ಬೂದಿ, ನಡುನಡುವೆ ಎಲೆಯ ಆಕಾರ ಉಳಿದ ಇದ್ದಿಲು ಕಂಡರೆ ಬೆಂಕಿ ಹಗುರ. ಬೂದುಬಣ್ಣ ಅಥವಾ ಬಿಳಿ ಬೂದಿ ಕಂಡರೆ ಪೂರ್ತಿ ಉರಿದಿದೆ. ಬಿಳಿ ಬೂದಿಯ ಕೆಳಗೆ ಮಣ್ಣು ಇಟ್ಟಿಗೆಯ ಕೆಂಪಿಗೆ ತಿರುಗಿದ್ದರೆ ಅಲ್ಲಿ ದಿಮ್ಮಿಯೋ ಬೊಡ್ಡೆಯೋ ಗಂಟೆಗಟ್ಟಲೆ ಕುಮುಲಿದೆ. ಆ ಕೆಂಪು, ಮಣ್ಣಿನೊಳಗಿನ ಕಬ್ಬಿಣದ ಅಂಶ ಕಾವಿಗೆ ಬದಲಾದಾಗ ಬರುವ ಬಣ್ಣ. 10 ಬಿಂದುಗಳಲ್ಲಿ ಕಪ್ಪು ಎಷ್ಟು, ಬಿಳಿ ಎಷ್ಟು, ಕೆಂಪು ಎಷ್ಟು ಎಂದು ಎಣಿಸಿ ಬರೆಯಿರಿ. ಮತ್ತೆ ಚೌಕಟ್ಟು ಹಾಕಿ ಉಳಿದ ತರಗನ್ನು ತೂಗಿ.

ಹನಿ ಪರೀಕ್ಷೆ

ಎಲೆಯಲ್ಲಿರುವ ಮೇಣದಂಥ ಅಂಶ ಬೆಂಕಿಯಲ್ಲಿ ಆವಿಯಾಗಿ, ಸ್ವಲ್ಪ ಭಾಗ ಮಣ್ಣಿನೊಳಗೆ ಇಳಿದು, ತಣ್ಣಗಿನ ಕಣಗಳಿಗೆ ಅಂಟಿಕೊಳ್ಳುತ್ತದೆ. ಆಗ ಮಣ್ಣು ಎಣ್ಣೆ ಸವರಿದ ಹೆಂಚಿನಂತೆ ನೀರನ್ನು ಒಳಗೆ ಬಿಡುವುದಿಲ್ಲ. ಮಣ್ಣಿನ ಕಾವು 200 ಡಿಗ್ರಿಯ ಆಸುಪಾಸಿಗೆ ಏರಿದಾಗ ಇದು ಬಲವಾಗುತ್ತದೆ, ಇನ್ನೂ ಹೆಚ್ಚು ಕಾದರೆ ಆ ಮೇಣವೂ ಸುಟ್ಟುಹೋಗುತ್ತದೆ. ಆದ್ದರಿಂದ ನೀರು ಕುಡಿಯದ ಪದರ ಕೆಲವೊಮ್ಮೆ ಮೇಲಿರದೆ ಒಂದೆರಡು ಸೆಂಟಿಮೀಟರ್ ಕೆಳಗೆ ಅಡಗಿರುತ್ತದೆ.

ಬೂದಿಯನ್ನು ಮೆಲ್ಲಗೆ ಊದಿ ಸರಿಸಿ. ಔಷಧಿ ಬಾಟಲಿಯ ಡ್ರಾಪರ್‌ನಿಂದ ಬರಿಮಣ್ಣಿನ ಮೇಲೆ ಐದು ಹನಿ, ಬೇರೆ ಬೇರೆ ಕಡೆ. ಮೊಬೈಲಿನಲ್ಲಿ ಸಮಯ ನೋಡಿ. ಹನಿ 5 ಸೆಕೆಂಡಿನೊಳಗೆ ಇಂಗಿದರೆ ಮಣ್ಣು ಸರಿಯಾಗಿದೆ. 5ರಿಂದ 60 ಸೆಕೆಂಡ್ ಗುಂಡಗೆ ನಿಂತರೆ ಸ್ವಲ್ಪ ತೊಂದರೆ. 60 ದಾಟಿದರೆ ಬಲವಾದ ತೊಂದರೆ, 10 ನಿಮಿಷ ದಾಟಿದರೆ ತೀವ್ರ. ಆಮೇಲೆ 1 ಸೆಂ.ಮೀ., 2 ಸೆಂ.ಮೀ., 3 ಸೆಂ.ಮೀ. ಕೆರೆದು ಪ್ರತಿ ಮಟ್ಟದಲ್ಲೂ ಮತ್ತೆ ಹನಿ ಬಿಡಿ. ಸುಡದ ಪಟ್ಟಿಯಲ್ಲೂ ತಪ್ಪದೆ ಮಾಡಿ, ಏಕೆಂದರೆ ಬಹಳ ಒಣಗಿದ ಮಣ್ಣು ಬೆಂಕಿ ಇಲ್ಲದೆಯೂ ಹನಿಯನ್ನು ಸ್ವಲ್ಪ ಹೊತ್ತು ನಿಲ್ಲಿಸುತ್ತದೆ.

ಪೈಪಿನಲ್ಲಿ ಇಂಗುವಿಕೆ

ಒಳವ್ಯಾಸ 15 ಸೆಂ.ಮೀ. ಇರುವ, ಒಂದು ಗೇಣುದ್ದದ ಪಿವಿಸಿ ಪೈಪಿನ ತುಂಡು. ಕೆಳ ಅಂಚನ್ನು ಅರದಿಂದ ಚೂಪು ಮಾಡಿ. ಮೇಲೆ ಹಲಗೆ ಇಟ್ಟು ಸುತ್ತಿಗೆಯಿಂದ 5 ಸೆಂ.ಮೀ. ಮಣ್ಣಿನೊಳಗೆ ಇಳಿಸಿ. ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ 440 ಮಿ.ಲೀ. ನೀರು ಸುರಿದು ಹಾಳೆಯನ್ನು ಮೆಲ್ಲನೆ ಎಳೆಯಿರಿ. ಆ ನೀರು ಪೈಪಿನೊಳಗೆ 25 ಮಿ.ಮೀ. ಎತ್ತರ, ಅಂದರೆ ಒಂದು ಒಳ್ಳೆಯ ಗುಡುಗು ಮಳೆಯಷ್ಟು. ಮಣ್ಣಿನ ಮೇಲೆ ನೀರಿನ ಹೊಳಪು ಮಾಯವಾಗುವವರೆಗೆ ಸಮಯ ಎಣಿಸಿ. ಕೂಡಲೇ ಇನ್ನೊಮ್ಮೆ 440 ಮಿ.ಲೀ. ಹೋಲಿಕೆಗೆ ಎರಡನೆಯ ಸಲದ ಸಮಯವನ್ನೇ ತೆಗೆದುಕೊಳ್ಳಿ. ಮೊದಲನೆಯದು ಒಣಮಣ್ಣಿನ ದಾಹ.

ಎರಡನೇ ಸಲ 5 ನಿಮಿಷ ಹಿಡಿದರೆ ಗಂಟೆಗೆ 300 ಮಿ.ಮೀ. ವೇಗ. 30 ನಿಮಿಷ ಹಿಡಿದರೆ ಗಂಟೆಗೆ 50 ಮಿ.ಮೀ. ಅರ್ಧ ಗಂಟೆಯಲ್ಲಿ 25 ಮಿ.ಮೀ. ಸುರಿಯುವ ಏಪ್ರಿಲ್ ಮಳೆಯ ವೇಗವೂ ಗಂಟೆಗೆ 50. ಅಲ್ಲಿಂದ ಮುಂದೆ ನಿಧಾನವಾದ ಪ್ರತಿ ನಿಮಿಷವೂ ಹರಿದುಹೋಗುವ ನೀರು. ಪೈಪಿನ ಕೆಳಗೆ ನೀರು ಪಕ್ಕಕ್ಕೂ ಹರಡುವುದರಿಂದ ಈ ಅಂಕಿ ನಿಜಕ್ಕಿಂತ ಹೆಚ್ಚು ಬರುತ್ತದೆ. ಸುಟ್ಟ ಪಟ್ಟಿಯನ್ನು ಸುಡದ ಪಟ್ಟಿಗೆ ಹೋಲಿಸಲು ಮಾತ್ರ ಬಳಸಿ. ಒಂದು ಪೈಪಿನ ತುದಿಗೆ ಬೇರು ಸಿಕ್ಕರೆ ಜಾಗ ಬದಲಿಸಿ. ಬಿಂದುವಿಗೊಂದರಂತೆ ಎರಡೂ ಕಡೆ ಸೇರಿ 20 ಸಲ ಮಾಡಬೇಕು. ಬೇಸರದ ಕೆಲಸ, ನೀರು ಹೊರುವುದೇ ಅರ್ಧ ಕಷ್ಟ. ಆದರೆ ಈ ಇಡೀ ಕ್ರಮದಲ್ಲಿ ಒಂದನ್ನೇ ಮಾಡಲು ಪುರುಸೊತ್ತಿದ್ದರೆ ಇದನ್ನು ಮಾಡಿ.

ಮೊದಲ ಮಳೆಗೆ ಕಾಯುವುದು

ಪ್ರತಿ ಪಟ್ಟಿಯ ಇಳಿಜಾರಿನಲ್ಲಿ 1 ಮೀ. × 1 ಮೀ. ಜಾಗಕ್ಕೆ ಮೂರು ಕಡೆ ತಗಡು ಊರಿ, ಕೆಳಗಿನ ಕಡೆ ತಗಡಿನ ದೋಣಿ ಇಟ್ಟು, ಪೈಪಿನಿಂದ ಗುಂಡಿಯಲ್ಲಿ ಹೂತ 20 ಲೀಟರಿನ ಕ್ಯಾನಿಗೆ ಸೇರಿಸಿ. ದೋಣಿಗೆ ನೇರ ಮಳೆ ಬೀಳದಂತೆ ಮೇಲೊಂದು ಹಾಳೆ. ಪಕ್ಕದಲ್ಲಿ ಬಾಯಿಂದ ತಳದವರೆಗೆ ಒಂದೇ ಅಗಲವಿರುವ ಡಬ್ಬಿ, ಮಳೆ ಅಳೆಯಲು. ಮಳೆ ಬಂದ ಮರುದಿನ ಕ್ಯಾನಿನಲ್ಲಿ ಸಿಕ್ಕ ಪ್ರತಿ ಲೀಟರ್ 1 ಮಿ.ಮೀ. ಹರಿವು. ನೀರನ್ನು ಬಾಟಲಿಯಲ್ಲಿ ತುಂಬಿ ಒಂದು ದಿನ ಅಲುಗಿಸದೆ ಇಡಿ. ತಳದಲ್ಲಿ ಕೂತ ಮಣ್ಣನ್ನು ಒಣಗಿಸಿ ತೂಗಿ.

ಒಂದು ಎಚ್ಚರಿಕೆ. ಹೊಸ ಬೂದಿಯ ಪದರ ತಾನೂ ಸ್ವಲ್ಪ ನೀರು ಹೀರುತ್ತದೆ, ಹಾಗಾಗಿ ಮೊದಲ ತುಂತುರಿನಲ್ಲಿ ಸುಟ್ಟ ಕಡೆಯಿಂದ ಹರಿವು ಕಡಿಮೆ ಕಾಣಬಹುದು. ಬೂದಿ ಕೊಚ್ಚಿಹೋದ ಅಥವಾ ಮೆತ್ತಿಕೊಂಡ ನಂತರದ ಮಳೆಗಳೇ ನಿಜ ಹೇಳುವುದು. ಕನಿಷ್ಠ ನಾಲ್ಕು ಮಳೆ ಅಳೆಯಿರಿ.

ಇನ್ನೂ ಒಂದು. ಬೆಂಕಿ ಬಿದ್ದ ವರ್ಷ ಹಳ್ಳದಲ್ಲಿ ನೀರು ಹೆಚ್ಚಾಯಿತು ಎಂದು ಯಾರಾದರೂ ಹೇಳಿದರೆ ಅದು ಸುಳ್ಳಲ್ಲ. ನೀರು ಹೀರುವ ಗಿಡ ಸುಟ್ಟಿವೆ, ಮಳೆ ಇಂಗದೆ ಹರಿದಿದೆ, ಹಾಗಾಗಿ ಹೆಚ್ಚು ಕಾಣುತ್ತದೆ. ಕೇಳಬೇಕಾದ್ದು ಆ ನೀರಿನ ಬಣ್ಣವೇನು, ಮಳೆ ನಿಂತ ಎಷ್ಟು ದಿನಕ್ಕೆ ಹಳ್ಳ ಸೊರಗಿತು ಎಂದು. ನೀರು ಒಂದೇ ಧಾರೆಯಾಗಿ ಬೀಳುವ ಕಡೆ ಬಕೆಟ್ ಹಿಡಿದು ಎಷ್ಟು ಸೆಕೆಂಡಿಗೆ ತುಂಬಿತು ಎಂದು ವಾರಕ್ಕೊಮ್ಮೆ ಬರೆದರೆ ಅದೇ ಉತ್ತರ.

ಮಣ್ಣಿನ ತೇವ

ಮಳೆಯಾದ 3ನೇ, 10ನೇ, 20ನೇ ದಿನ ಎರಡೂ ಪಟ್ಟಿಯಿಂದ 10 ಸೆಂ.ಮೀ. ಆಳದವರೆಗಿನ ಮಣ್ಣು ತೆಗೆದು, ಮುಚ್ಚಳ ಬಿಗಿದ ಡಬ್ಬಿಯಲ್ಲಿ ತನ್ನಿ. ಹಸಿತೂಕ ಬರೆದುಕೊಂಡು, ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಹೊಗೆಯಾಡದಂತೆ ಹುರಿದು, ತೂಕ ಇಳಿಯುವುದು ನಿಂತ ಮೇಲೆ ಮತ್ತೆ ತೂಗಿ. ಇಳಿದ ತೂಕವನ್ನು ಒಣತೂಕದಿಂದ ಭಾಗಿಸಿ 100ರಿಂದ ಗುಣಿಸಿದರೆ ಶೇಕಡಾವಾರು ತೇವ. ಹಸಿ 120 ಗ್ರಾಂ, ಒಣ 100 ಗ್ರಾಂ ಆದರೆ ಶೇ. 20. ಕಪ್ಪಾದ ಬರಿನೆಲ ಹೆಚ್ಚು ಬಿಸಿಲು ಹೀರಿ ಬೇಗ ಆರುವುದು ಈ ಮೂರು ದಿನಗಳ ಅಂಕಿಯಲ್ಲಿ ಕಾಣುತ್ತದೆ.

ಅಂಕಿ ಕೈಗೆ ಬಂದ ಮೇಲೆ

ಮೊಳೆ ಸೊನ್ನೆ ತೋರಿಸಿ, ಬೂದಿ ಕಪ್ಪಗಿದ್ದು, ಹನಿ ಬೇಗ ಇಂಗಿ, ಪೈಪಿನ ಸಮಯ ಎರಡೂ ಕಡೆ ಹತ್ತಿರ ಹತ್ತಿರ ಇದ್ದರೆ ಆ ಬೆಂಕಿ ನಿಮ್ಮ ನೀರನ್ನು ಕೆಡಿಸಿಲ್ಲ ಎಂದು ಸಭೆಯಲ್ಲಿ ಧೈರ್ಯವಾಗಿ ಹೇಳಿ, ಹೇಳಲು ಮನಸ್ಸಿಲ್ಲದಿದ್ದರೂ ಹೇಳಿ. ಬೇಸಿಗೆಯ ದೊಡ್ಡ ಬೆಂಕಿಗೆ ಮೇವಾಗುವ ತರಗನ್ನು ಅದು ಮೊದಲೇ ತೆಗೆದುಹಾಕಿದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಹೆಕ್ಟೇರ್ ಉರಿದದ್ದನ್ನು ಕಂಡ ಈ ಸೀಮೆಯ ಜನಕ್ಕೆ ಅದರ ಬೆಲೆ ಗೊತ್ತಿದೆ.

ಮೊಳೆ ಎದ್ದು ನಿಂತಿದ್ದರೆ, ಬಿಳಿ ಬೂದಿ ಹೆಚ್ಚಿದ್ದರೆ, ಪೈಪಿನ ಸಮಯ ಎರಡು ಮೂರು ಪಟ್ಟಾಗಿದ್ದರೆ ಅದನ್ನೂ ಅಷ್ಟೇ ಸ್ಪಷ್ಟವಾಗಿ ಬರೆಯಿರಿ, ಸುಟ್ಟ ದಿನಾಂಕದ ಜೊತೆ. ಹೆಚ್ಚಿನ ಪಾಲು ತಡವಾಗಿ ಸುಟ್ಟ ಪಟ್ಟಿಗಳಲ್ಲೇ ಇದು ಸಿಗುತ್ತದೆ. ಆಗ ಇಲಾಖೆಯ ಮುಂದೆ ಇಡಬೇಕಾದ ಕೋರಿಕೆಗಳು: ರೇಖೆ ಸುಡುವ ಕೆಲಸ ಜನವರಿಯಲ್ಲೇ, ನಡುತರಗು ಅಂಗೈಗೆ ತೇವ ತಾಗುವಾಗಲೇ ಮುಗಿಯಲಿ, ಬಿದ್ದ ದಿಮ್ಮಿಗಳನ್ನು ಮೊದಲು ಪಟ್ಟಿಯಿಂದ ಉರುಳಿಸಿ ತೆಗೆಯಲಿ, ಕರಿಪುಡಿ ದಪ್ಪವಿರುವ ಹಳ್ಳದ ಎರಡೂ ದಡದಲ್ಲಿ ಬೆಂಕಿ ಬೇಡವೇ ಬೇಡ, ಅಲ್ಲಿ ತರಗನ್ನು ಗುಡಿಸಿ ರೇಖೆ ಮಾಡಲಿ, ಒಂದೇ ಪಟ್ಟಿಯನ್ನು ವರ್ಷ ವರ್ಷವೂ ಸುಡದೆ ಸಾಧ್ಯವಿರುವ ಕಡೆ ಸರದಿ ಹಾಕಲಿ, ನಡುತರಗು ಮತ್ತೆ ಕೂಡಲು ಸಮಯ ಸಿಗಲಿ.

ಅದೇ ಬಿಂದುಗಳಿಗೆ ಅಕ್ಟೋಬರ್-ನವೆಂಬರ್ ಮಳೆ ಮುಗಿದ ಮೇಲೆ ಮತ್ತೆ ಹೋಗಿ, ಪೈಪು ಮತ್ತು ಹನಿ ಪರೀಕ್ಷೆ ಮಾಡಿ. ಮೇಣದ ಪದರ ಹಲವು ಕಡೆ ಅಷ್ಟರಲ್ಲಿ ಕರಗಿರುತ್ತದೆ, ಇಂಗುವಿಕೆ ಹಿಂದಿರುಗಿತೇ ಎಂಬುದು ಆಗ ತಿಳಿಯುತ್ತದೆ. ನೋಟ್‌ಬುಕ್ಕಿನ ಒಂದು ಪ್ರತಿ ಶಾಲೆಯಲ್ಲಿ, ಒಂದು ಪ್ರತಿ ಗ್ರಾಮಸಭೆಯ ಕಡತದಲ್ಲಿ ಇರಲಿ. ವಲಯ ಕಚೇರಿಗೆ ಕೊಡುವ ಪ್ರತಿಯನ್ನು ತಮಿಳಿನಲ್ಲೂ ಬರೆಸಿ, ಮುಂದಿನ ವರ್ಷದ ಬೆಂಕಿ ರೇಖೆಯ ಪಟ್ಟಿ ತಯಾರಾಗುವ ಮೊದಲೇ, ಡಿಸೆಂಬರ್ ಮೊದಲ ವಾರದಲ್ಲಿ ಕೈಯಲ್ಲಿ ಕೊಟ್ಟು ಸಹಿ ಹಾಕಿಸಿಕೊಳ್ಳಿ.